ಒಂದು ಅಂಕದ ಪ್ರಶ್ನೆಯ ಹಿಂದಿನ ಮಂದಿ

ಕನ್ನಡದ ಮೊದಲ ವಾಕ್ಚಿತ್ರ ಯಾವುದು? ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ. ಎಫ್‌ಡಿಎ, ಪಿಡಿಒ, ಗ್ರಾಮ ಆಡಳಿತಾಧಿಕಾರಿ ಎಂದು ಒಂದಾದ ಮೇಲೊಂದು ಅರ್ಜಿ ಹಾಕಿಕೊಂಡು ಓದುವವರಿಗೆ ಇದು ಕಣ್ಣುಮುಚ್ಚಿ ಗುರುತು ಹಾಕುವಂಥ ಪ್ರಶ್ನೆ. ‘ಸತಿ ಸುಲೋಚನಾ’, 1934. ಮುಂದಿನ ಪ್ರಶ್ನೆಗೆ ಹೋಗು. ಮೊದಲ ನಾಯಕ ನಟ? ಸುಬ್ಬಯ್ಯ ನಾಯ್ಡು. ಮೊದಲ ನಾಯಕಿ? ತ್ರಿಪುರಾಂಬಾ. ಮಧುಗಿರಿಯ ಗ್ರಂಥಾಲಯದಲ್ಲಿ ನನ್ನ ಪಕ್ಕ ಕೂತು ಓದುವ ಗೆಳತಿ ಇವನ್ನೆಲ್ಲ ಸಾಲಾಗಿ ಬರೆದು, ದೇವರ ನಾಮದ ಥರ ರಾಗವಾಗಿ ಹೇಳಿಕೊಳ್ಳುತ್ತಾಳೆ.

ನನಗೆ ಈ ಸಾಲಿನ ಮೇಲೆ ಕಣ್ಣು ನಿಂತದ್ದು ಬೇರೆ ಕಾರಣಕ್ಕೆ. ಪದವಿ ಮುಗಿದು ಎರಡು ವರ್ಷವಾಯಿತು. ಪರೀಕ್ಷೆಗಳ ಮಧ್ಯೆ ಬೆಂಗಳೂರಿನ ಒಂದು ಸಣ್ಣ ಡಬ್ಬಿಂಗ್ ಸ್ಟುಡಿಯೊದಲ್ಲಿ ಸೌಂಡ್ ವಿಭಾಗಕ್ಕೆ ಸಹಾಯಕಿ ಬೇಕೆಂಬ ಸುದ್ದಿ ಪರಿಚಯದವರಿಂದ ಬಂತು. ಸಂಬಳ ಪೀಜಿಗೂ ಊಟಕ್ಕೂ ಸರಿಹೋದರೆ ಹೆಚ್ಚು. ಮನೆಯಲ್ಲಿ ಹೇಳಿದರೆ ಅಮ್ಮ, ‘ಸಿನಿಮಾದಲ್ಲಿ ಕೆಲಸ ಅಂದ್ರೆ ಊರಿನಲ್ಲಿ ಏನಂತ ಹೇಳ್ಲಿ?’ ಎಂದರು. ಪರದೆಯ ಮೇಲೆ ಕಾಣದ ಕೆಲಸಕ್ಕೆ ಹೆಸರೇನು ಎಂದು ನನಗೂ ಒಂದೇ ಮಾತಿನಲ್ಲಿ ಹೇಳಲು ಬರಲಿಲ್ಲ. ಆ ಮೊದಲ ವಾಕ್ಚಿತ್ರದಲ್ಲಿ ಯಾರು ಯಾರು ಏನೇನು ಕೆಲಸ ಮಾಡಿದರು ಎಂದು ಸಿಕ್ಕಿದ್ದನ್ನೆಲ್ಲ ಓದಲು ಕೂತದ್ದು ಆಗಲೇ. ಗೈಡಿನಲ್ಲಿ ಒಂದು ಸಾಲಿಗೆ ಮುಗಿಯುವ ವಿಷಯ, ಹಿಡಿದು ಎಳೆದರೆ ನಮ್ಮ ಜಿಲ್ಲೆಯ ಹೊಲದವರೆಗೂ ಬೇರು ಬಿಟ್ಟಿದೆ.

ಆ ಚಿತ್ರಕ್ಕೆ ಕಥೆ, ಮಾತು, ಹಾಡು ಮೂರನ್ನೂ ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವಿ ಎಲ್ಲಿದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ತುಮಕೂರು ತಾಲ್ಲೂಕು, ಕೊರಟಗೆರೆಯವರಿಗೆ ನೆರೆಹೊರೆ. ಕನ್ನಡದ ತೆರೆಯ ಮೇಲೆ ಪಾತ್ರಗಳು ಮೊಟ್ಟಮೊದಲು ಆಡಿದ ಮಾತು, ಹಾಡಿದ ಹಾಡು ನಮ್ಮ ಪಕ್ಕದ ಊರಿನವರ ಲೇಖನಿಯದು. ಇದನ್ನು ಯಾಕೆ ಯಾರೂ ಪ್ರಶ್ನೆಪತ್ರಿಕೆಯಲ್ಲಿ ಕೇಳುವುದಿಲ್ಲವೋ! ಶಾಸ್ತ್ರಿಗಳು ಸಿನಿಮಾಕ್ಕೆ ಹೊಸಬರಾಗಿ ಬಂದವರಾದರೂ ಬರವಣಿಗೆಗೆ ಹೊಸಬರಲ್ಲ. ಗುಬ್ಬಿ ಕಂಪನಿ ಆಡುತ್ತಿದ್ದ ‘ಕೃಷ್ಣಲೀಲಾ’ ಅವರ ನಾಟಕ. ಟಾಕಿ ಬರುವ ಹೊತ್ತಿಗೆ ಅವರಿಗೆ ಐವತ್ತರ ಆಸುಪಾಸು. ಹೊಸ ಯಂತ್ರ ಬಂದಾಗ ‘ನಮ್ಮ ಕಾಲ ಮುಗೀತು’ ಎನ್ನಬಹುದಾದ ವಯಸ್ಸು; ಅವರು ಅದಕ್ಕೂ ಬರೆದುಕೊಟ್ಟರು.

ಇಲ್ಲಿ ಗುಬ್ಬಿಯ ಮಾತು ಬಾರದೆ ಇರುವುದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಯಲ್ಲಿ ಬೆಳೆದು, ಆನೆ ಕುದುರೆಗಳನ್ನು ನಿಜವಾಗಿಯೇ ರಂಗದ ಮೇಲೆ ತಂದು ‘ಕುರುಕ್ಷೇತ್ರ’ ಆಡಿದ ಕಂಪನಿಯಾಯಿತು. ವೀರಣ್ಣನವರು ಮೂಕಿ ಚಿತ್ರಗಳ ಕಾಲದಲ್ಲೇ ಸಿನಿಮಾಕ್ಕೂ ಕೈಹಾಕಿದ್ದರು. ಅವರ ‘ಸದಾರಮೆ’ 1935ರಲ್ಲಿ ತೆರೆಗೆ ಬಂತು. 1954ರಲ್ಲಿ ರಾಜ್‌ಕುಮಾರ್ ಅವರನ್ನು ನಾಯಕನಾಗಿ ತೋರಿಸಿದ ‘ಬೇಡರ ಕಣ್ಣಪ್ಪ’ದ ಹಿಂದೆಯೂ ಇದ್ದದ್ದು ಗುಬ್ಬಿಯ ಹೆಸರೇ. ಅಂದರೆ ಕನ್ನಡ ಸಿನಿಮಾಕ್ಕೆ ಬೇಕಾದ ಜನ ಸ್ಟುಡಿಯೊದಲ್ಲಿ ತಯಾರಾದವರಲ್ಲ. ಊರೂರು ಡೇರೆ ಹಾಕಿ ರಾತ್ರಿಯಿಡೀ ನಾಟಕವಾಡುತ್ತಿದ್ದ ಕಂಪನಿಗಳಲ್ಲಿ ಪಳಗಿದವರು.

ಇನ್ನು ಟಾಕಿಯ ಕಡೆಗೆ ಬರೋಣ. ಸಿನಿಮಾಕ್ಕೆ ಮಾತು ಬಂದದ್ದು ಅಮೆರಿಕದಲ್ಲಿ, 1927ರ ಅಕ್ಟೋಬರ್ 6ರಂದು ತೆರೆ ಕಂಡ ‘ದಿ ಜಾಝ್ ಸಿಂಗರ್’ ಮೂಲಕ ಎಂದು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಮಾತಿನ ಚಿತ್ರವೇನಲ್ಲ. ಬಹುಪಾಲು ಮೂಕಿಯೇ, ಹಾಡುಗಳಿಗೂ ಒಂದೆರಡು ನಿಮಿಷದ ಮಾತಿಗೂ ಮಾತ್ರ ಧ್ವನಿ. ಆ ಧ್ವನಿಯೂ ಫಿಲ್ಮಿನ ಮೇಲೆ ಇರಲಿಲ್ಲ. ಗ್ರಾಮಫೋನ್ ತಟ್ಟೆಯಂಥ ದೊಡ್ಡ ತಟ್ಟೆಯ ಮೇಲೆ ಮುದ್ರಿಸಿ, ಒಂದೊಂದು ರೀಲಿಗೆ ಒಂದೊಂದು ತಟ್ಟೆ ಹೊಂದಿಸಿ ಓಡಿಸಬೇಕಿತ್ತು. ಫಿಲ್ಮ್ ತುಂಡಾದರೆ, ಸೂಜಿ ಜಿಗಿದರೆ ನಾಯಕನ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ನಾಯಕ ಆಲ್ ಜಾಲ್ಸನ್, ನಿರ್ದೇಶಕ ಅಲನ್ ಕ್ರಾಸ್‌ಲ್ಯಾಂಡ್. ಧ್ವನಿ ಹಿಡಿದವರು ಜಾರ್ಜ್ ಗ್ರೋವ್ಸ್ ಎಂಬ ಇಂಗ್ಲೆಂಡಿನಿಂದ ಹೋದ ಎಂಜಿನಿಯರ್. ಅವರ ಹೆಸರು ಓದಿದಾಗ ನನಗೆ ಜಾಲ್ಸನ್‌ಗಿಂತ ಹೆಚ್ಚು ಖುಷಿಯಾಯಿತು, ಕಾರಣ ನಿಮಗೆ ಗೊತ್ತೇ ಇದೆ. ಸಿನಿಮಾಕ್ಕೆ ಧ್ವನಿ ಬರಲೇಬೇಕು ಎಂದು ಹಟ ಹಿಡಿದಿದ್ದ ಸ್ಯಾಮ್ ವಾರ್ನರ್ ಚಿತ್ರ ತೆರೆ ಕಾಣುವ ಹಿಂದಿನ ದಿನ ತೀರಿಕೊಂಡರು. ಪ್ರದರ್ಶನದಲ್ಲಿ ಚಪ್ಪಾಳೆ ಬೀಳುವಾಗ ವಾರ್ನರ್ ಸಹೋದರರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ನಮ್ಮ ದೇಶದಲ್ಲಿ ಆ ಕೆಲಸ ಮಾಡಿದವರು ಅರ್ದೇಶಿರ್ ಇರಾನಿ. ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬೈಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಸ್ಟುಡಿಯೊ ಪಕ್ಕದಲ್ಲೇ ರೈಲು ಹಳಿ. ಹಗಲು ಚಿತ್ರೀಕರಣ ಮಾಡಿದರೆ ರಾಜಕುಮಾರಿಯ ಮಾತಿನ ನಡುವೆ ರೈಲಿನ ಸದ್ದು. ಹಾಗಾಗಿ ರೈಲುಗಳ ಓಡಾಟ ನಿಂತ ಮೇಲೆ ರಾತ್ರಿ ಹೊತ್ತು ಕೆಲಸ. ಮೈಕನ್ನು ಪಾತ್ರಧಾರಿಗಳ ಹತ್ತಿರ ಎಲ್ಲಾದರೂ ಮರೆಮಾಡಿ ಇಡಬೇಕಿತ್ತು. ಧ್ವನಿ ಯಂತ್ರದ ಜತೆ ಬಂದಿದ್ದ ಅಮೆರಿಕದ ತಜ್ಞನಿಗೆ ದಿನಕ್ಕೆ ನೂರು ರೂಪಾಯಿ. ಆ ಕಾಲಕ್ಕೆ ಅದು ಹೊರಲಾರದ ಕೂಲಿ. ಇರಾನಿ ಅವನಿಂದ ಬೇಕಾದಷ್ಟು ಕಲಿತುಕೊಂಡು ಧ್ವನಿಮುದ್ರಣಕ್ಕೆ ತಾವೇ ಕೂತರು.

ಆ ಚಿತ್ರದ ನಾಯಕ ಮಾಸ್ಟರ್ ವಿಠ್ಠಲ್ ಕತೆ ಉದ್ಯೋಗ ಹುಡುಕುವವರು ಓದಬೇಕಾದದ್ದು. ಮೂಕಿ ಚಿತ್ರಗಳಲ್ಲಿ ಕತ್ತಿವರಸೆ, ಹಾರಾಟಗಳಿಂದ ಹೆಸರು ಮಾಡಿದ್ದ ದೊಡ್ಡ ತಾರೆ ಆತ. ಟಾಕಿ ಬಂತು, ಮಾತು ಬೇಕಾಯಿತು, ಅವರ ಹಿಂದೂಸ್ತಾನಿ ಉಚ್ಚಾರ ಸರಿಹೋಗಲಿಲ್ಲ. ಹಾಗಾಗಿ ದೇಶದ ಮೊದಲ ಮಾತಿನ ಚಿತ್ರದ ನಾಯಕನಿಗೆ ಮಾತೇ ಕಡಿಮೆಯಾಯಿತು! ಅವರೊಬ್ಬರೇ ಅಲ್ಲ. ಮೂಕಿ ಚಿತ್ರ ಓಡುವಾಗ ತೆರೆಯ ಪಕ್ಕ ನಿಂತು ಕತೆ ಹೇಳುತ್ತಿದ್ದವರು, ಮುಂದೆ ಕೂತು ಹಾರ್ಮೋನಿಯಂ ತಬಲಾ ನುಡಿಸುತ್ತಿದ್ದವರು ಇದ್ದರಲ್ಲ, ಅವರ ಕೆಲಸವೂ ಹೋಯಿತು. ಯಂತ್ರವೇ ಈಗ ಯಾರ ಧ್ವನಿಯಲ್ಲಿ ಬೇಕಾದರೂ ಮಾತಾಡುತ್ತದೆ, ನೀನು ಡಬ್ಬಿಂಗ್ ಸ್ಟುಡಿಯೊಗೆ ಯಾಕೆ ಹೋಗುತ್ತೀಯಾ ಎಂದು ಎಂಜಿನಿಯರಿಂಗ್ ಓದುವ ನನ್ನ ತಮ್ಮ ಕೇಳುತ್ತಾನೆ. ಅವನಿಗೆ ನಾನು ವಿಠ್ಠಲ್ ಕತೆ ಹೇಳಿದೆ. ‘ಹಾಗಾದ್ರೆ ನಾನು ಹೇಳಿದ್ದೇ ಸರಿಯಾಯ್ತಲ್ಲಕ್ಕಾ’ ಎಂದ. ಅದೂ ಒಂದು ವಾದ.

ತಮಿಳಿನ ‘ಕಾಳಿದಾಸ್’ 1931ರಲ್ಲೇ ಬಂತು, ತೆಲುಗಿನ ‘ಭಕ್ತ ಪ್ರಹ್ಲಾದ’ 1932ರಲ್ಲಿ. ಕನ್ನಡಕ್ಕೆ 1934ರವರೆಗೆ ಕಾಯಬೇಕಾಯಿತು. ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಟಾಕಿ ತೆಗೆಯುವಂಥ ಸ್ಟುಡಿಯೊ ಇರಲಿಲ್ಲ. ದುಡ್ಡು ಹಾಕಲು ಮುಂದೆ ಬಂದವರು ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ. 1932ರಲ್ಲಿ ಅವರು ‘ಸೌತ್ ಇಂಡಿಯಾ ಮೂವಿಟೋನ್’ ಎಂಬ ಸಂಸ್ಥೆ ಕಟ್ಟಿದರು. ಕೆಲಸದ ಬೆನ್ನೆಲುಬಾಗಿ ನಿಂತವರು ಆರ್. ನಾಗೇಂದ್ರರಾಯರು. ಹೊಳಲ್ಕೆರೆಯಲ್ಲಿ ಹುಟ್ಟಿದವರು, ಶಿರಾದವರು ಹೆದ್ದಾರಿ ಹಿಡಿದರೆ ದೂರವೇನಲ್ಲ. ಕಂಪನಿ ನಾಟಕದಲ್ಲಿ ಪಳಗಿ, ಮುಂಬೈ ಕಡೆಗೂ ಹೋಗಿ ಟಾಕಿಯ ಕೆಲಸ ನೋಡಿ ಬಂದಿದ್ದರು. ನಿರ್ದೇಶನಕ್ಕೆ ವೈ.ವಿ. ರಾವ್, ತೆಲುಗು ನಾಡಿನವರು. ಪಾವಗಡದವರಿಗೆ ಇದು ವಿಚಿತ್ರ ಅನಿಸುವುದಿಲ್ಲ. ಮೂರು ಕಡೆಯೂ ಆಂಧ್ರ ಸುತ್ತಿಕೊಂಡ ಆ ತಾಲ್ಲೂಕಿನಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಿನಿಮಾಕ್ಕೆ ಮಡಕಶಿರಾ ಅಥವಾ ಹಿಂದೂಪುರ ಎನ್ನುವವರು ಎಷ್ಟೋ ಮಂದಿ. ನಮ್ಮ ತಾಯಿಯ ತವರು ಅಲ್ಲೇ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಮಾರವಾಡಿ ಬಂಡವಾಳ, ತೆಲುಗು ನಿರ್ದೇಶಕ, ಕನ್ನಡ ರಂಗಭೂಮಿಯ ನಟರು, ತುಮಕೂರು ಸೀಮೆಯ ಬರಹಗಾರ. ಚಿತ್ರೀಕರಣ ಮರಾಠಿ ನೆಲದ ಕೊಲ್ಹಾಪುರದಲ್ಲಿ, ಛತ್ರಪತಿ ಸ್ಟುಡಿಯೊದಲ್ಲಿ. ಮೊದಲ ಕನ್ನಡ ಟಾಕಿ ಹುಟ್ಟಿದ್ದು ಹೀಗೆ ಹಲವು ಭಾಷೆಯವರ ಕೈಗಳಲ್ಲಿ.

ಖರ್ಚು ಸುಮಾರು 40,000 ರೂಪಾಯಿ, ಚಿತ್ರೀಕರಣ ಎರಡು ತಿಂಗಳು ಎನ್ನುತ್ತಾರೆ. ಆ ಎರಡು ತಿಂಗಳನ್ನು ಕಲ್ಪಿಸಿಕೊಳ್ಳಿ. ಹಿನ್ನೆಲೆ ಗಾಯನ ಎಂಬುದು ಇನ್ನೂ ಬಂದಿರಲಿಲ್ಲ. ಕಲ್ಕತ್ತೆಯಲ್ಲಿ ಅದು ಶುರುವಾದದ್ದು 1935ರಲ್ಲಿ. ಆದ್ದರಿಂದ ಆ ಕಾಲದ ಪಾತ್ರಧಾರಿ ಕ್ಯಾಮೆರಾ ಮುಂದೆ ನಿಂತು ತಾನೇ ಹಾಡಬೇಕು, ಅದೇ ಹೊತ್ತಿಗೆ ಅಭಿನಯಿಸಬೇಕು. ವಾದ್ಯದವರು ಚೌಕಟ್ಟಿನ ಆಚೆ, ಕ್ಯಾಮೆರಾಕ್ಕೆ ಕಾಣದಂತೆ, ಆದರೆ ಮೈಕಿಗೆ ಕೇಳುವಂತೆ ಕೂರಬೇಕು. ಹಾಡಿನ ಕೊನೆಯ ಸಾಲಿನಲ್ಲಿ ಯಾರಾದರೂ ಕೆಮ್ಮಿದರೆ ಮೊದಲಿಂದ ಮತ್ತೆ. ಫಿಲ್ಮ್ ದುಬಾರಿ, ಮತ್ತೆ ಮತ್ತೆ ಎನ್ನುವ ಹಾಗೂ ಇಲ್ಲ. ಅದರಲ್ಲೂ ಇವರು ಕಂಪನಿ ನಟರು. ಮೈಕಿಲ್ಲದೆ ಹಿಂದಿನ ಸಾಲಿನ ಚಾಪೆಯವರಿಗೂ ಕೇಳುವಂತೆ ಕೂಗಿ ಹಾಡಿ ಅಭ್ಯಾಸವಾದ ಗಂಟಲು. ಅಂಥ ಗಂಟಲಿಗೆ ಎರಡು ಮಾರು ದೂರದ ಮೈಕಿಗೆ ತಕ್ಕಷ್ಟೇ ಮಾತಾಡು ಎಂದರೆ ಅದು ಹೊಸದಾಗಿ ಮಾತು ಕಲಿಯುವುದಕ್ಕೆ ಸಮ.

ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ಪಾವಗಡ ಕಡೆಯ ನಮ್ಮ ತಾತ ಹಬ್ಬ ಜಾತ್ರೆಗಳ ಪೌರಾಣಿಕ ನಾಟಕಗಳಲ್ಲಿ ರಾವಣ, ದುರ್ಯೋಧನ ಮಾಡಿದವರು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ನಾಟಕದ ಹುಚ್ಚು ಎಷ್ಟೆಂದರೆ, ಪಾತ್ರ ಮಾಡುವವರಿಗೆ ದುಡ್ಡು ಕೊಡುವುದಿಲ್ಲ, ಅವರೇ ದುಡ್ಡು ಕಟ್ಟಿ ಪಾತ್ರ ಹಾಕುತ್ತಾರೆ. ದುರ್ಯೋಧನನಿಗೆ ಜಾಸ್ತಿ, ದ್ವಾರಪಾಲಕನಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀ ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಾರೆ. ಒಮ್ಮೆ ತಾತನ ರಾವಣನ ಪದವನ್ನು ಮೊಬೈಲಿನಲ್ಲಿ ಮುದ್ರಿಸಲು ಹೊರಟೆ. ಪಟ್ಟು ಹಿಡಿದು ಹಾಡಿದರೆ ಮೊಬೈಲಿನ ಮೈಕು ಒಡೆದ ತಗಡಿನ ಹಾಗೆ ಕಿರುಗುಟ್ಟಿತು. ‘ತಾತ, ಸ್ವಲ್ಪ ಮೆಲ್ಲಗೆ’ ಎಂದೆ. ‘ಮೆಲ್ಲಗೆ ಹಾಡೋ ರಾವಣ ಯಾವ ಲಂಕೇಲಿದಾನೆ ಕಣಮ್ಮ?’ ಎಂದರು. ಕೊಲ್ಹಾಪುರದಲ್ಲಿ ಧ್ವನಿ ಹಿಡಿಯಲು ಕೂತವರಿಗೂ ಇದೇ ಉತ್ತರ ಸಿಕ್ಕಿರಬಹುದು ಎಂಬುದು ನನ್ನ ಊಹೆ. ಅಲ್ಲಿ ರಾವಣನಾಗಿದ್ದವರು ನಾಗೇಂದ್ರರಾಯರು. ಇಂದ್ರಜಿತು ಸುಬ್ಬಯ್ಯ ನಾಯ್ಡು, ಅವನ ಮಡದಿ ಸುಲೋಚನೆ ತ್ರಿಪುರಾಂಬಾ, ಮಂಡೋದರಿ ಲಕ್ಷ್ಮೀಬಾಯಿ. ನಿರ್ದೇಶಕ ವೈ.ವಿ. ರಾವ್ ಅವರೇ ಲಕ್ಷ್ಮಣ. ಸಂಗೀತದ ಹೊಣೆ ಎಚ್.ಆರ್. ಪದ್ಮನಾಭ ಶಾಸ್ತ್ರಿ ಅವರದು, ಅಲ್ಲೂ ನಾಗೇಂದ್ರರಾಯರ ಕೈ ಇತ್ತು. ಒಬ್ಬೊಬ್ಬರಿಗೆ ಎರಡೆರಡು ಮೂರು ಮೂರು ಕೆಲಸ.

ಸುಲೋಚನೆಯ ಕತೆ ವಾಲ್ಮೀಕಿಯಲ್ಲಿ ಇಲ್ಲ. ಜನಪದರೂ ಆಟ ಕಟ್ಟುವವರೂ ಬೆಳೆಸಿದ್ದು. ಲಕ್ಷ್ಮಣನ ಬಾಣಕ್ಕೆ ಇಂದ್ರಜಿತು ಸತ್ತ ಮೇಲೆ ಅವನ ಹೆಂಡತಿ ಶತ್ರುಪಾಳೆಯಕ್ಕೇ ನಡೆದುಹೋಗಿ ಗಂಡನ ತಲೆಯನ್ನು ಕೊಡಿರೆಂದು ರಾಮನನ್ನು ಕೇಳುವ ಭಾಗ ನನಗೆ ಇಷ್ಟ. ಗೆದ್ದವರ ಕತೆಯನ್ನು ಸೋತವರ ಮನೆಯ ಹೆಣ್ಣಿನ ಕಡೆಯಿಂದ ನೋಡುವುದು ಅದು. ಆಮೇಲೆ ಅವಳು ಚಿತೆ ಏರುವುದನ್ನು ದೊಡ್ಡದು ಮಾಡಿ ಹೇಳುವುದು ಮಾತ್ರ ಈಗಿನ ನಮಗೆ ಒಪ್ಪುವ ಮಾತಲ್ಲ. ಹೆಸರಿನಲ್ಲೇ ‘ಸತಿ’ ಇದ್ದರೂ ಸರಿ. ಒಂದು ಕಾಲದಲ್ಲಿ ಹೆಣ್ಣು ಪಾತ್ರವನ್ನೂ ಗಂಡಸರೇ ಹಾಕುತ್ತಿದ್ದ ರಂಗಭೂಮಿಯದು. ಅಂಥ ಕಡೆಯಿಂದ ಬಂದು, ಮುಖವನ್ನೂ ಧ್ವನಿಯನ್ನೂ ಊರೂರಿನ ಪರದೆಗೆ ಒಪ್ಪಿಸಲು ಒಬ್ಬ ಹೆಣ್ಣುಮಗಳಿಗೆ ಎಷ್ಟು ಗಟ್ಟಿತನ ಬೇಕಿತ್ತು! ಅಮ್ಮ ಕೇಳಿದ ‘ಊರಿನಲ್ಲಿ ಏನಂತ ಹೇಳ್ಲಿ’ ಎಂಬ ಪ್ರಶ್ನೆ ತ್ರಿಪುರಾಂಬಾ, ಲಕ್ಷ್ಮೀಬಾಯಿ ಅವರ ಕಾಲದಲ್ಲಿ ಇನ್ನೂ ಜೋರಾಗಿಯೇ ಇದ್ದಿರಬೇಕು.

1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ಚಿತ್ರ ಬಿಡುಗಡೆಯಾಯಿತು. ನಮ್ಮ ಕಡೆಯ ಹೂವು ಹೋಗುತ್ತದಲ್ಲ, ಆ ಸಿಟಿ ಮಾರ್ಕೆಟ್ಟಿನ ಬಳಿ. ಆರು ವಾರ ತುಂಬಿದ ಪ್ರದರ್ಶನ ಕಂಡಿತು ಎಂದು ದಾಖಲಾಗಿದೆ.

ಅದರ ಹಿಂದೆಯೇ ಅದೇ ವರ್ಷ ಬಂದದ್ದು ‘ಭಕ್ತ ಧ್ರುವ’. ಪಾರ್ಶ್ವನಾಥ ಆಲ್ತೇಕರ್ ನಿರ್ದೇಶನ, ಎ.ವಿ. ವರದಾಚಾರ್ಯರ ರತ್ನಾವಳಿ ನಾಟಕ ಕಂಪನಿಯ ಪರಂಪರೆಯದು. ಧ್ರುವನಾಗಿದ್ದವನು ವರದಾಚಾರ್ಯರ ಮೊಮ್ಮಗ, ಬಾಲಕ ಮುತ್ತು. ಅದರ ಚಿತ್ರೀಕರಣ ಮೊದಲು ಶುರುವಾಗಿತ್ತು, ಬಿಡುಗಡೆ ಮಾತ್ರ ಆಮೇಲೆ. ಅಷ್ಟೇ ವ್ಯತ್ಯಾಸ. ಒಂದು ಎಲ್ಲರ ಬಾಯಲ್ಲಿ, ಇನ್ನೊಂದು ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಉತ್ತರವಾಗಿ ಕೊಡುವ ಆಯ್ಕೆಯಾಗಿ ಉಳಿದಿದೆ. ಅರ್ಧ ಅಂಕದಲ್ಲಿ ಕಟ್‌ಆಫ್ ತಪ್ಪಿಸಿಕೊಂಡವರಿಗೆ ಈ ನೋವು ವಿವರಿಸಬೇಕಿಲ್ಲ. ನಾನಂತೂ ಆ ಆಯ್ಕೆ ಕಂಡಾಗಲೆಲ್ಲ ಮನಸ್ಸಿನಲ್ಲೇ ಪುಟ್ಟ ಧ್ರುವನಿಗೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗುತ್ತೇನೆ. ತೊಡೆ ಏರಲು ಬಿಡದೆ ಕೆಳಗಿಳಿಸಿದ ಹುಡುಗನ ಪಾತ್ರವೇ ಅದು, ನೋಡಿ.

ಮೊದಲ ಚಿತ್ರದವರು ಆಮೇಲೆ ಎಲ್ಲಿಗೆ ಹೋದರು? ವೈ.ವಿ. ರಾವ್ 1937ರಲ್ಲಿ ತಮಿಳಿನಲ್ಲಿ ‘ಚಿಂತಾಮಣಿ’ ನಿರ್ದೇಶಿಸಿದರು, ಅದು ಭರ್ಜರಿ ಗೆಲುವು. ನಟಿ ಲಕ್ಷ್ಮಿ ಅವರ ಮಗಳು. ನಾಗೇಂದ್ರರಾವ್ ಮತ್ತು ಸುಬ್ಬಯ್ಯ ನಾಯ್ಡು ಮಾತ್ರ ಸಿನಿಮಾ ಬಂತೆಂದು ನಾಟಕ ಬಿಡಲಿಲ್ಲ. ಇಬ್ಬರೂ ಜತೆಗೂಡಿ ನಡೆಸಿದ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ‘ಭೂಕೈಲಾಸ’ ಎಷ್ಟು ಜನಪ್ರಿಯವಾಯಿತೆಂದರೆ, 1940ರಲ್ಲಿ ಎ.ವಿ. ಮೇಯಪ್ಪನ್ ಅದನ್ನು ತೆಲುಗಿನಲ್ಲಿ ಚಿತ್ರ ಮಾಡಿದಾಗ ಈ ಇಬ್ಬರನ್ನೇ ಪಾತ್ರಕ್ಕೆ ಕರೆದರು. ಮರುವರ್ಷ ಕನ್ನಡದಲ್ಲಿ ‘ವಸಂತಸೇನಾ’. ಕೆಲಸ ಮನೆತನದಲ್ಲೂ ಮುಂದುವರಿಯಿತು. ನಾಯ್ಡು ಅವರ ಮಗ ನಟ ಲೋಕೇಶ್. ನಾಗೇಂದ್ರರಾಯರ ಮಕ್ಕಳಲ್ಲಿ ಆರ್.ಎನ್. ಜಯಗೋಪಾಲ್ ಗೀತರಚನೆಗೆ, ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಹಣಕ್ಕೆ, ಸುದರ್ಶನ್ ನಟನೆಗೆ ಹೋದರು. ಮುಂದೆ ನಮ್ಮ ಸೀಮೆಯಿಂದಲೂ ಕ್ಯಾಮೆರಾ ಹಿಂದೆ ನಿಂತವರು ಬಂದರು. ಶಿರಾ ತಾಲ್ಲೂಕಿನ ಬರಗೂರಿನಿಂದ ಬರಗೂರು ರಾಮಚಂದ್ರಪ್ಪನವರು ಸಾಹಿತ್ಯದ ಜತೆಗೆ ಸಿನಿಮಾ ನಿರ್ದೇಶನವನ್ನೂ ಮಾಡಿದರು.

ಇಷ್ಟೆಲ್ಲ ಓದಿದ ಮೇಲೆ ಯಾರಿಗಾದರೂ ಒಂದು ಸಲ ‘ಸತಿ ಸುಲೋಚನಾ’ ನೋಡಬೇಕು ಅನಿಸುತ್ತದೆ. ನೋಡುವ ಹಾಗಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ‘ಆಲಂ ಆರಾ’ ಕೂಡ ಹಾಗೆಯೇ. ಆ ಕಾಲದ ಫಿಲ್ಮು ನೈಟ್ರೇಟಿನದು. ಬೇಗ ಬೆಂಕಿ ಹತ್ತುವಂಥದ್ದು. ಬೆಂಕಿ ಬೀಳದಿದ್ದರೂ ಸೆಕೆ, ತೇವಕ್ಕೆ ಅಂಟಂಟಾಗಿ ಪುಡಿಯಾಗುವಂಥದ್ದು. ಓಟ ಮುಗಿದ ಪ್ರತಿಗಳಿಂದ ಬೆಳ್ಳಿ ತೆಗೆಯಲು ಗುಜರಿಗೆ ಮಾರುವುದೂ ಆಗ ರೂಢಿ. ಚಿತ್ರಗಳನ್ನು ಕಾಪಿಡಲು ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಶುರುವಾದದ್ದು 1964ರಲ್ಲಿ, ನಮ್ಮ ಚಿತ್ರ ಬಂದು ಮೂವತ್ತು ವರ್ಷವಾದ ಮೇಲೆ. ಮಾತು ಬಂದ ಚಿತ್ರ ಎಂದು ಹೆಸರಾದದ್ದರ ಒಂದು ಮಾತೂ ಇಂದು ಯಾರಿಗೂ ಕೇಳಿಸುವುದಿಲ್ಲ. ಬೆಳ್ಳಾವೆ ಶಾಸ್ತ್ರಿಗಳ ಮಾತನ್ನು ತ್ರಿಪುರಾಂಬಾ ಹೇಗೆ ಹೇಳಿದರು, ಯಾವ ಅಕ್ಷರದ ಮೇಲೆ ಒತ್ತು ಕೊಟ್ಟರು, ಎಲ್ಲಿ ಉಸಿರು ತೆಗೆದುಕೊಂಡರು ಎಂಬುದೆಲ್ಲ ಹೋಯಿತು. ಹೆಸರುಗಳ ಪಟ್ಟಿಯಲ್ಲಿ ಪಾತ್ರಧಾರಿಗಳು ನಿಲ್ಲುತ್ತಾರೆ. ದೀಪ ಹೊತ್ತವರು, ಮೈಕು ಬಚ್ಚಿಟ್ಟವರು, ಹೊಲಿದವರು, ಕೊಲ್ಹಾಪುರದಲ್ಲಿ ಅಷ್ಟು ಮಂದಿಗೆ ಅಡುಗೆ ಮಾಡಿದವರು ನಿಲ್ಲುವುದಿಲ್ಲ.

ಸ್ಟುಡಿಯೊದವರಿಗೆ ನಾನು ಬರುತ್ತೇನೆಂದು ಹೇಳಿದ್ದೇನೆ. ಮೂರು ತಿಂಗಳ ಮಟ್ಟಿಗೆ. ಪರೀಕ್ಷೆಯ ಪುಸ್ತಕಗಳೂ ಜತೆಗೇ ಬರುತ್ತವೆ. ಅಮ್ಮ ಊರಿನಲ್ಲಿ ‘ಕಂಪ್ಯೂಟರ್ ಕೆಲಸ’ ಎಂದು ಹೇಳಿಕೊಂಡಿದ್ದಾರೆ, ಅದು ಪೂರ್ತಿ ಸುಳ್ಳೂ ಅಲ್ಲ. ಹೊರಡುವುದಕ್ಕೆ ಮುಂಚೆ ಪಾವಗಡಕ್ಕೆ ಹೋಗಿ ತಾತನ ಪದಗಳನ್ನು ಮತ್ತೊಮ್ಮೆ ಮುದ್ರಿಸಿದೆ. ಈ ಸಲ ಮೆಲ್ಲಗೆ ಹಾಡಿ ಎಂದು ಹೇಳಲಿಲ್ಲ. ಮೊಬೈಲನ್ನು ಟವೆಲಿನಲ್ಲಿ ಸುತ್ತಿ, ಜಗುಲಿಯಿಂದ ತೆಗೆದು ಅಂಗಳದ ಆಚೆ ಕಟ್ಟೆಯ ಮೇಲೆ ಇಟ್ಟೆ. ಕೊಟ್ಟಿಗೆಯ ಎಮ್ಮೆ ಒಂದು ಸಲ ಕೂಗಿದ್ದು, ಬೀದಿಯಲ್ಲಿ ಟ್ರ್ಯಾಕ್ಟರ್ ಹೋದದ್ದು ಅದರಲ್ಲಿ ಸೇರಿದೆ. ಇಪ್ಪತ್ತೆರಡು ನಿಮಿಷ ಇದೆ. ಫೈಲಿಗೆ ತಾತನ ಹೆಸರು, ಹಾರ್ಮೋನಿಯಂ ಮೇಷ್ಟ್ರ ಹೆಸರು, ಊರು, ತಾರೀಕು ಹಾಕಿಟ್ಟಿದ್ದೇನೆ.